ಎಡಿಎಚ್‌ಡಿ ಇರುವ ತಂದೆತಾಯಿಗೆ ಮನೆ ಮತ್ತು ಮಕ್ಕಳ ದಿನಚರಿ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ವಯಸ್ಕರಾದ ಮೇಲೆ ತಮಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇವು ಬಾಲ್ಯದಿಂದಲೇ ಕಾಡುವ ಸ್ಥಿತಿ) ಇದೆಯೆಂದು ತಿಳಿದ ತಂದೆತಾಯಂದಿರಲ್ಲಿ ಹೆಚ್ಚಿನವರು ಮೊದಲು ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗಿನ ವೇಳಾಪಟ್ಟಿಯೊಂದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಕೆಲವು ದಿನ ಅದು ಚೆನ್ನಾಗಿಯೇ ನಡೆಯುತ್ತದೆ. ಮಗುವಿಗೆ ಜ್ವರ ಬಂದಾಗಲೋ ಊರಿನಿಂದ ನೆಂಟರು ಬಂದಾಗಲೋ ಒಮ್ಮೆ ತಪ್ಪಿತೆಂದರೆ ಮುಗಿಯಿತು. ಹಾಳೆ ಅಲ್ಲೇ ಇದ್ದರೂ ಕಣ್ಣಿಗೆ ಬೀಳುವುದು ನಿಲ್ಲುತ್ತದೆ, ಮತ್ತೆ ಅದೇ ತಡ, ಅದೇ ಕೂಗಾಟ, ರಾತ್ರಿ ಅದೇ ಪಶ್ಚಾತ್ತಾಪ.

ಇಲ್ಲಿ ತಪ್ಪುತ್ತಿರುವುದು ಕ್ರಮ. ಎಡಿಎಚ್‌ಡಿ ಇರುವವರಿಗೆ ಏನು ಮಾಡಬೇಕೆಂಬುದು ಗೊತ್ತೇ ಇರುತ್ತದೆ. ಆ ತಿಳಿವಳಿಕೆ ಬೇಕಾದ ಹೊತ್ತಿಗೆ, ಬೇಕಾದ ಜಾಗದಲ್ಲಿ ಒದಗಿ ಬರುವುದಿಲ್ಲ. ಆದ್ದರಿಂದ ವೇಳಾಪಟ್ಟಿಗಿಂತ ಮೊದಲು ಚಿಕಿತ್ಸೆ, ನಿದ್ದೆ, ವಸ್ತುಗಳ ಜಾಗ ಮತ್ತು ರಾತ್ರಿಯ ಸಿದ್ಧತೆ ಒಂದೊಂದಾಗಿ ನೆಲೆಗೊಳ್ಳಬೇಕು. ಒಂದು ಹಂತ ವಾರದ ಬಹುಪಾಲು ದಿನ ನಡೆಯತೊಡಗಿದ ಮೇಲಷ್ಟೇ ಮುಂದಿನದಕ್ಕೆ ಹೋಗಿ. ಸುರಕ್ಷತೆಗೆ ಸಂಬಂಧಿಸಿದ ಆರನೆಯ ಹಂತಕ್ಕೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅದನ್ನು ಇಂದೇ ಮಾಡಿ. ಉಳಿದದ್ದೆಲ್ಲವನ್ನೂ ಬರುವ ಸೋಮವಾರದಿಂದ ಒಟ್ಟಿಗೆ ಆರಂಭಿಸಿಬಿಡುವ ಹುಮ್ಮಸ್ಸು ಬಂದರೆ, ಅದನ್ನೇ ಮೊದಲ ಎಚ್ಚರಿಕೆಯ ಗುರುತೆಂದು ತಿಳಿಯಿರಿ.

## ಮೊದಲೇ ತಂದಿಟ್ಟುಕೊಳ್ಳಬೇಕಾದ ಸಾಮಾನು

ಮುಳ್ಳು ಇರುವ ಸಾದಾ ಗೋಡೆ ಗಡಿಯಾರಗಳು ಬೇಕು: ಅಡುಗೆಮನೆಗೊಂದು, ಹಾಲ್‌ಗೊಂದು, ಬಚ್ಚಲುಮನೆಯ ಬಾಗಿಲಿಗೆ ಎದುರಾಗಿ ಒಂದು. ಅಂಕಿ ತೋರಿಸುವ ಗಡಿಯಾರದಲ್ಲಿ ಈಗ ಎಷ್ಟು ಗಂಟೆ ಎಂಬುದಷ್ಟೇ ತಿಳಿಯುತ್ತದೆ. ಮುಳ್ಳಿನ ಗಡಿಯಾರದಲ್ಲಿ ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹೊತ್ತಿನ ಅಂದಾಜು ತಪ್ಪುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಫೋನಿನ ಹೊರಗಿರುವ ಒಂದು ಟೈಮರ್, ಬಾಗಿಲ ಪಕ್ಕದ ಗೋಡೆಗೆ ನಾಲ್ಕೈದು ಗಟ್ಟಿ ಕೊಕ್ಕೆ, ಮುಚ್ಚಳವಿಲ್ಲದ ಎರಡು ಬುಟ್ಟಿ, ಹಾಲಿನ ಲೆಕ್ಕ ಬರೆಯುವಷ್ಟು ದೊಡ್ಡ ಚೌಕಗಳಿರುವ ಒಂದು ಗೋಡೆ ಕ್ಯಾಲೆಂಡರ್, ಏಳು ದಿನದ ಮಾತ್ರೆ ಡಬ್ಬಿ, ಬೀಗ ಹಾಕಬಹುದಾದ ಒಂದು ಡ್ರಾಯರ್. ಇಷ್ಟು ಸಾಕು. ಯಾವ ಡೈರಿ ಒಳ್ಳೆಯದು, ಯಾವ ಆ್ಯಪ್ ಒಳ್ಳೆಯದು ಎಂದು ಹುಡುಕುತ್ತಾ ಕುಳಿತರೆ ಉತ್ಸಾಹವೆಲ್ಲ ಆ ಹುಡುಕಾಟದಲ್ಲೇ ಕರಗಿ, ಕೊಂಡದ್ದು ಬಳಕೆಗೆ ಬಾರದೆ ಉಳಿಯುತ್ತದೆ.

## ಹಂತ 1: ಸರಿಯಾದ ಪರೀಕ್ಷೆ

ಅಂತರ್ಜಾಲದ ಪ್ರಶ್ನಾವಳಿಯಿಂದ ರೋಗನಿರ್ಣಯ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಎಎಸ್‌ಆರ್‌ಎಸ್ ಎಂಬ ಪಟ್ಟಿ ಕೂಡ ಮನೋವೈದ್ಯರನ್ನು ಕಾಣಬೇಕೇ ಬೇಡವೇ ಎಂಬುದನ್ನಷ್ಟೇ ಸೂಚಿಸುತ್ತದೆ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರ ಮಾನದಂಡದಂತೆ, 17 ವರ್ಷ ತುಂಬಿದವರಲ್ಲಿ ಗಮನಕ್ಕೆ ಸಂಬಂಧಿಸಿದ ಅಥವಾ ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಕನಿಷ್ಠ ಐದು ಲಕ್ಷಣಗಳು ಆರು ತಿಂಗಳಾದರೂ ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆಯಲ್ಲಿ ಮಾತ್ರವಲ್ಲದೆ ಕಚೇರಿಯಂಥ ಇನ್ನೊಂದು ಕಡೆಯೂ ತೊಂದರೆ ಕೊಡುತ್ತಿರಬೇಕು.

ಹೀಗಾಗಿ ವೈದ್ಯರಲ್ಲಿಗೆ ಹೋಗುವಾಗ ಹಳೆಯ ಶಾಲಾ ಅಂಕಪಟ್ಟಿ, ಶಿಕ್ಷಕರು ಬರೆದ ಷರಾ ಇದ್ದರೆ ಅದು, ಸಾಧ್ಯವಾದರೆ ನಿಮ್ಮ ಬಾಲ್ಯ ಕಂಡ ತಾಯಿ, ಅಣ್ಣ ಅಥವಾ ಅಕ್ಕ ಜೊತೆಗಿರಲಿ. ಕಳೆದ ತಿಂಗಳು ನಡೆದ ನಾಲ್ಕೈದು ನಿಜವಾದ ಘಟನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಏಕೆಂದರೆ ವೈದ್ಯರ ಎದುರು ಕುಳಿತಾಗ ಅವು ನೆನಪಿಗೆ ಬರುವುದಿಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಆತಂಕ ಇವೆಲ್ಲ ಗಮನವನ್ನು ಕೆಡಿಸುವುದರಿಂದ ಇವುಗಳ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಇವುಗಳಲ್ಲಿ ನಿಮಗೆ ಮತ್ತೆ ಮತ್ತೆ ಹೋಗಿಬರಲು ಸಾಧ್ಯವಾಗುವುದನ್ನು ಆರಿಸಿಕೊಳ್ಳಿ. ದೂರದ ಹೆಸರಾಂತ ಸಂಸ್ಥೆಗೆ ಒಮ್ಮೆ ಹೋಗಿ ಸುಮ್ಮನಾಗುವುದಕ್ಕಿಂತ, ಹತ್ತಿರದ ವೈದ್ಯರ ಬಳಿ ತಪ್ಪದೆ ಹೋಗುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

## ಹಂತ 2: ಔಷಧದ ಹೊತ್ತನ್ನು ಮನೆಯ ಹೊತ್ತಿಗೆ ಹೊಂದಿಸುವುದು

ಔಷಧ ಬೇಕೋ ಬೇಡವೋ ಎಂಬುದು ನೀವೂ ವೈದ್ಯರೂ ಕೂಡಿ ನಿರ್ಧರಿಸಬೇಕಾದ ವಿಷಯ. ಶುರು ಮಾಡಿದವರು ತಪ್ಪುವ ಜಾಗ ಮಾತ್ರ ಸಾಮಾನ್ಯವಾಗಿ ಒಂದೇ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಸಾದಾ ಮಾತ್ರೆಯ ಪ್ರಭಾವ ಸುಮಾರು ಮೂರು ನಾಲ್ಕು ಗಂಟೆ ಇರುತ್ತದೆ; ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಬಗೆಯನ್ನು ಅವಲಂಬಿಸಿ ಎಂಟರಿಂದ ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ಕಚೇರಿಯಲ್ಲಿ ಎಲ್ಲವೂ ಸರಿಯಿದ್ದು, ಸಂಜೆ ಆರಕ್ಕೆ ಮನೆಗೆ ಬಂದು ಮಗುವಿನ ಹೋಂವರ್ಕ್ ಪುಸ್ತಕ ತೆರೆಯುವ ಹೊತ್ತಿಗೆ ಔಷಧ ಇಳಿದು ಸಿಡುಕು ಏರುತ್ತದೆ. ದಿನದ ಅತ್ಯಂತ ಕಷ್ಟದ ಗಂಟೆ ಔಷಧದ ಆಸರೆಯಿಲ್ಲದೆ ಕಳೆಯುತ್ತಿದೆ ಎಂಬುದನ್ನು ವೈದ್ಯರಿಗೆ ಗಂಟೆಯ ಲೆಕ್ಕದಲ್ಲಿ ಹೇಳಿ. ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ನೀವೇ ಬದಲಿಸಬೇಡಿ.

ಅಟೊಮೊಕ್ಸೆಟಿನ್ ಎಂಬ ಇನ್ನೊಂದು ಔಷಧ ಬೇರೆ ಬಗೆಯದು. ಅದರ ಪೂರ್ಣ ಪರಿಣಾಮ ತಿಳಿಯಲು ಹಲವು ವಾರ ಬೇಕಾಗುವುದರಿಂದ, ಹತ್ತು ದಿನಕ್ಕೆ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವುದು ತಪ್ಪು. ಎರಡರಲ್ಲೂ ನಾಡಿ ಮತ್ತು ರಕ್ತದೊತ್ತಡವನ್ನು ಆಗಾಗ ನೋಡಿಸಬೇಕು. ಹೃದಯದ ತೊಂದರೆ, ಗರ್ಭಧಾರಣೆಯ ಯೋಚನೆ, ಎದೆಹಾಲು ಕುಡಿಯುವ ಮಗು ಇದ್ದರೆ ಮೊದಲ ದಿನವೇ ತಿಳಿಸಬೇಕು.

ಮೀಥೈಲ್‌ಫೆನಿಡೇಟ್ ಭಾರತದಲ್ಲಿ ಷೆಡ್ಯೂಲ್ ಎಕ್ಸ್ ಪಟ್ಟಿಯ ಔಷಧ. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಅದು ಸಿಗುವುದಿಲ್ಲ. ಆದ್ದರಿಂದ ಕೊನೆಯ ಮಾತ್ರೆ ನುಂಗಿದ ದಿನ ಅಂಗಡಿಗೆ ಓಡುವ ಅಭ್ಯಾಸ ಇಲ್ಲಿ ನಡೆಯದು. ಡಬ್ಬಿಯಲ್ಲಿ ಹತ್ತು ಮಾತ್ರೆ ಉಳಿದಾಗಲೇ ಕ್ಯಾಲೆಂಡರಿನಲ್ಲಿ ವೈದ್ಯರ ಭೇಟಿಯ ದಿನ ಬರೆಯಿರಿ. ಮಾತ್ರೆ ಡಬ್ಬಿ ಸದಾ ಬೀಗದೊಳಗಿರಲಿ, ಡ್ರಾಯರಿನ ಕೀಲಿ ಮಗುವಿನ ಕೈಗೆ ಎಟುಕದಿರಲಿ.

## ಹಂತ 3: ನಿದ್ದೆ

ಮಕ್ಕಳು ಮಲಗಿದ ಮೇಲೆ ಸಿಗುವ ನಿಶ್ಶಬ್ದದಲ್ಲಿ ಫೋನ್ ಹಿಡಿದು ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುವುದು ಇಂಥ ಮನೆಗಳಲ್ಲಿ ಬಹಳ ಸಾಮಾನ್ಯ. ಮರುದಿನದ ಮರೆವು ಮತ್ತು ಸಿಟ್ಟು ಇದರಿಂದ ಇನ್ನಷ್ಟು ಹೆಚ್ಚುತ್ತವೆ. ಫೋನಿನ ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಹಾಲ್‌ನಲ್ಲಿಡಿ. ಬೆಳಿಗ್ಗೆ ಏಳಲು ಬೇರೆ ಅಲಾರಾಂ ಗಡಿಯಾರ ಬಳಸಿ. ಮಲಗುವ ಹೊತ್ತಿಗಿಂತ, ರಜೆಯ ದಿನವೂ ಸೇರಿದಂತೆ ಏಳುವ ಹೊತ್ತು ಒಂದೇ ಆಗಿರುವುದು ಮುಖ್ಯ.

## ಹಂತ 4: ಬಾಗಿಲ ಬಳಿ ಒಂದೇ ಜಾಗ

ಈ ಹಂತದ ಮೇಲೆ ಹೆಚ್ಚು ಶ್ರಮ ಹಾಕಿ, ಏಕೆಂದರೆ ಮುಂದಿನ ಹಂತಗಳೆಲ್ಲ ಇದರ ಮೇಲೆ ನಿಂತಿವೆ. ಮನೆಯಿಂದ ಹೊರಗೆ ಹೋಗುವ ಪ್ರತಿಯೊಂದು ವಸ್ತುವೂ ಹೊರಬಾಗಿಲಿನಿಂದ ಎರಡು ಹೆಜ್ಜೆಯೊಳಗೆ, ಕಣ್ಣಿಗೆ ಕಾಣುವಂತೆ ಇರಬೇಕು.

ಮೊದಲ ಕೊಕ್ಕೆಗೆ ಸ್ಕೂಟರ್ ಮತ್ತು ಮನೆಯ ಕೀಲಿ, ಎರಡನೆಯದಕ್ಕೆ ನಿಮ್ಮ ಹೆಲ್ಮೆಟ್, ಮೂರನೆಯದಕ್ಕೆ ಮಗುವಿನ ಹೆಲ್ಮೆಟ್, ನಾಲ್ಕನೆಯದಕ್ಕೆ ಶಾಲೆಯ ಚೀಲ, ಐದನೆಯದಕ್ಕೆ ಗುರುತಿನ ಚೀಟಿಯ ದಾರ. ಮಗುವಿನ ವಸ್ತುಗಳ ಕೊಕ್ಕೆಯನ್ನು ಮಗುವಿನ ಭುಜದ ಎತ್ತರಕ್ಕೆ ಹೊಡೆಸಿ; ದೊಡ್ಡವರ ಎತ್ತರಕ್ಕೆ ಹೊಡೆಸಿದರೆ ಚೀಲ ಮತ್ತೆ ಸೋಫಾದ ಮೇಲೇ ಬೀಳುತ್ತದೆ. ಕೆಳಗೆ ಎರಡು ಬುಟ್ಟಿ: ಒಂದರಲ್ಲಿ ಶೂ ಮತ್ತು ಸಾಕ್ಸ್, ಇನ್ನೊಂದರಲ್ಲಿ ನಾಳೆ ಹೊರಗೆ ಹೋಗಬೇಕಾದ ಬಿಡಿ ಸಾಮಾನು, ಅಂದರೆ ಗ್ರಂಥಾಲಯದ ಪುಸ್ತಕ, ಇಸ್ತ್ರಿಗೆ ಕೊಡುವ ಬಟ್ಟೆ, ಪಕ್ಕದ ಮನೆಯವರಿಗೆ ಮರಳಿಸಬೇಕಾದ ಪಾತ್ರೆ. ಸಾಕ್ಸನ್ನು ಬೀರುವಿನಲ್ಲಿಡುವುದನ್ನು ನಿಲ್ಲಿಸಿ, ಎಲ್ಲ ಜೊತೆಗಳೂ ಒಂದೇ ಬಣ್ಣದವಾಗಿ ಶೂ ಬುಟ್ಟಿಯಲ್ಲೇ ಇರಲಿ. ನೋಡುವವರ ಕಣ್ಣಿಗೆ ಇದು ಅಂದವಾಗಿ ಕಾಣದಿರಬಹುದು, ಆದರೆ ಬೆಳಿಗ್ಗೆ ಹುಡುಕಾಟ ತಪ್ಪುತ್ತದೆ.

ಕಪಾಟಿನೊಳಗೆ, ಮುಚ್ಚಳದ ಡಬ್ಬಿಯೊಳಗೆ, ಬಣ್ಣಬಣ್ಣದ ಚೀಟಿ ಅಂಟಿಸಿದ ಪೆಟ್ಟಿಗೆಯೊಳಗೆ ಜೋಡಿಸುವುದು ಇಲ್ಲಿನ ದೊಡ್ಡ ತಪ್ಪು. ಕಣ್ಣಿಂದ ಮರೆಯಾದದ್ದು ಮನಸ್ಸಿನಿಂದಲೂ ಮರೆಯಾಗುತ್ತದೆ. ಬಾಗಿಲು ತೆರೆದು ಒಳಗಿಡುವ ಒಂದು ಹೆಚ್ಚಿನ ಕೆಲಸವೂ ದಣಿದ ಸಂಜೆಯಲ್ಲಿ ಉಳಿದುಬಿಡುತ್ತದೆ. ಮನೆಯ ಹಿರಿಯರು ಅಚ್ಚುಕಟ್ಟು ಮಾಡಲೆಂದು ಕೀಲಿಯನ್ನು ಬೇರೆಡೆ ಎತ್ತಿಡುತ್ತಿದ್ದರೆ, “ಅತ್ತೆ, ಈ ಗೋಡೆಯ ಸಾಮಾನು ಮಾತ್ರ ಇದ್ದ ಹಾಗೇ ಇರಲಿ, ಇಲ್ಲದಿದ್ದರೆ ನನಗೆ ಬೆಳಿಗ್ಗೆ ಕೈಕಾಲು ಆಡುವುದಿಲ್ಲ” ಎಂದು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

## ಹಂತ 5: ರಾತ್ರಿಯ ಇಪ್ಪತ್ತು ನಿಮಿಷ, ಬೆಳಿಗ್ಗೆಯ ಹಿಂದುಮುಂದು ಲೆಕ್ಕ

ಊಟದ ತಟ್ಟೆ ಎತ್ತಿದ ಕೂಡಲೇ, ಕೂರುವ ಮೊದಲು, ಟೈಮರನ್ನು ಇಪ್ಪತ್ತು ನಿಮಿಷಕ್ಕೆ ತಿರುಗಿಸಿ. ಒಮ್ಮೆ ಕುಳಿತರೆ ಮತ್ತೆ ಏಳುವುದು ಕಷ್ಟ. ಕ್ರಮ ಹೀಗಿರಲಿ: ಶಾಲೆಯ ಡೈರಿ ತೆರೆದು ಓದುವುದು, ಸಹಿ ಹಾಕುವುದು, ಚೀಲ ತುಂಬಿ ಕೊಕ್ಕೆಗೆ ಹಾಕುವುದು, ಸಮವಸ್ತ್ರವನ್ನು ಒಳಬಟ್ಟೆ ಸಮೇತ ಕುರ್ಚಿಯ ಮೇಲಿಡುವುದು, ಟಿಫನ್ ಡಬ್ಬಿ ಮತ್ತು ನೀರಿನ ಬಾಟಲಿ ತೊಳೆದು ಒಲೆಯ ಪಕ್ಕ ಇಡುವುದು, ನಾಳೆಯ ತಿಂಡಿಗೆ ಬೇಕಾದ ತರಕಾರಿ ಹೆಚ್ಚಿಡುವುದು. ವಾರದ ತಿಂಡಿಯನ್ನು ಖಾಯಂ ಮಾಡಿಬಿಡಿ: ಸೋಮವಾರ ಚಿತ್ರಾನ್ನ, ಮಂಗಳವಾರ ದೋಸೆ, ಬುಧವಾರ ಉಪ್ಪಿಟ್ಟು, ಹೀಗೆ. ಬೆಳಿಗ್ಗೆ ಆರು ಗಂಟೆಗೆ ಏನು ಮಾಡಲಿ ಎಂದು ಯೋಚಿಸುವ ಕೆಲಸವೊಂದು ತಪ್ಪಿದರೆ ಹತ್ತು ನಿಮಿಷ ಉಳಿಯುತ್ತದೆ.

ಬೆಳಿಗ್ಗೆಯ ಲೆಕ್ಕವನ್ನು ಏಳುವ ಹೊತ್ತಿನಿಂದ ಮುಂದಕ್ಕೆ ಹಾಕದೆ, ವ್ಯಾನ್ ಬರುವ ಹೊತ್ತಿನಿಂದ ಹಿಂದಕ್ಕೆ ಹಾಕಿ. ವ್ಯಾನ್ 7:50ಕ್ಕೆ ಬರುವುದಾದರೆ 7:40ಕ್ಕೆ ಶೂ ಕಾಲಿನಲ್ಲಿರಬೇಕು, 7:15ಕ್ಕೆ ತಿಂಡಿ ತಟ್ಟೆಯಲ್ಲಿರಬೇಕು, 6:50ಕ್ಕೆ ಸ್ನಾನ ಮುಗಿದಿರಬೇಕು. ಈ ಮೂರೇ ಗೆರೆಗಳನ್ನು ಮೂರು ಬಣ್ಣದ ಟೇಪಿನಿಂದ ಅಡುಗೆಮನೆಯ ಗಡಿಯಾರದ ಗಾಜಿನ ಮೇಲೆ ಅಂಟಿಸಿ. ಗಂಟೆ ಓದಲು ಬಾರದ ಐದು ವರ್ಷದ ಮಗುವೂ ದೊಡ್ಡ ಮುಳ್ಳು ಕೆಂಪು ಟೇಪಿಗೆ ಬಂತೆಂದು ಹೇಳಬಲ್ಲದು. ನೀವು “ಬೇಗ, ಬೇಗ” ಎಂದು ಕೂಗುವ ಕೆಲಸವನ್ನು ಗಡಿಯಾರ ವಹಿಸಿಕೊಳ್ಳುತ್ತದೆ.

ಮೊದಲ ವಾರ ಪ್ರತಿ ಕೆಲಸಕ್ಕೂ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯಿರಿ. “ಐದೇ ನಿಮಿಷ” ಎಂದುಕೊಂಡ ಜಡೆ ಹೆಣೆಯುವ ಕೆಲಸಕ್ಕೆ ಹದಿಮೂರು ನಿಮಿಷ ಹಿಡಿಯುತ್ತಿರುವುದು ಆಗ ಗೊತ್ತಾಗುತ್ತದೆ. ವ್ಯಾನ್ ಹೋಗುವವರೆಗೆ ಫೋನ್ ಚಾರ್ಜರಿನಲ್ಲೇ ಇರಲಿ. ಈ ಒಂದು ನಿಯಮ ಸಡಿಲವಾದ ದಿನದಿಂದ ಬೆಳಿಗ್ಗೆ ಮತ್ತೆ ಕೆಡತೊಡಗುತ್ತದೆ.

## ಹಂತ 6: ಮರೆವಿನಿಂದ ಅಪಾಯ ಆಗಬಹುದಾದ ಜಾಗಗಳು

ಟಿಫನ್ ಡಬ್ಬಿ ಮರೆತರೆ ಮಗು ಒಂದು ಹೊತ್ತು ಹಸಿದಿರುತ್ತದೆ. ಕೆಲವು ಮರೆವುಗಳಿಗೆ ಪರಿಹಾರವೇ ಇರುವುದಿಲ್ಲ. ಅವುಗಳನ್ನು ನೆನಪಿಗೆ ಬಿಡಬೇಡಿ.

ಒಲೆ: ಏನಾದರೂ ಇಟ್ಟರೆ ಟೈಮರ್ ಹಾಕಿ, ಆ ಟೈಮರನ್ನು ಕೈಯಲ್ಲೋ ಸೊಂಟದಲ್ಲೋ ಹಿಡಿದೇ ಅಡುಗೆಮನೆಯಿಂದ ಹೊರಬನ್ನಿ. ಕುಕ್ಕರ್ ಕೂಗು ಎಣಿಸುವ ಭರವಸೆ ಸಾಲದು. ರಾತ್ರಿ ರೆಗ್ಯುಲೇಟರ್ ಮುಚ್ಚುವುದನ್ನು ದೀಪ ಆರಿಸುವುದರ ಜೊತೆಗೆ ಸೇರಿಸಿ.

ನೀರು: ಬಕೆಟ್ಟಿಗೆ ಇಳಿಸುವ ಹೀಟರ್ ಕಾಯಿಲ್ ಚಿಕ್ಕ ಮಕ್ಕಳಿರುವ ಇಂಥ ಮನೆಯಲ್ಲಿ ಬೇಡವೇ ಬೇಡ. ನೀರು ಬಿಟ್ಟ ಹೊತ್ತಿನಲ್ಲಿ ತೆರೆದ ಸಂಪಿನ ಮುಚ್ಚಳವನ್ನು ಮುಚ್ಚದೆ ಗೇಟಿನ ಬಳಿಯಿಂದ ಕದಲಬಾರದು. ಅಷ್ಟರಲ್ಲಿ ಫೋನ್ ಬಂದರೂ ಎತ್ತಬಾರದು. ಮಗು ಟಬ್ಬಿನಲ್ಲಿ ಆಡುತ್ತಿರುವಾಗ ಟವೆಲ್ ತರಲೆಂದು ಎದ್ದು ಹೋಗುವುದೂ ಅಷ್ಟೇ ಅಪಾಯ.

ವಾಹನ: ಸ್ಕೂಟರಿನ ಮೇಲೆ 9 ತಿಂಗಳಿಂದ 4 ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕೆಂದೂ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದೆಂದೂ 2022ರ ಕೇಂದ್ರ ನಿಯಮ ಹೇಳುತ್ತದೆ. ಕಾರಿದ್ದರೆ ಕಚೇರಿಯ ಚೀಲವನ್ನು ಯಾವಾಗಲೂ ಹಿಂದಿನ ಸೀಟಿನಲ್ಲಿ, ಮಗುವಿನ ಪಕ್ಕ ಇಡಿ. ದಾರಿ ಬದಲಾಗಿ, ನಿದ್ದೆ ಹೋದ ಮಗು ಹಿಂದೆ ಇರುವುದು ಮರೆತುಹೋದರೂ, ಚೀಲಕ್ಕಾಗಿ ಹಿಂದಿನ ಬಾಗಿಲು ತೆರೆಯಲೇಬೇಕಾಗುತ್ತದೆ.

## ಹಂತ 7: ಶಾಲೆಯ ಸಂದೇಶ, ಹಣ, ದಿನಾಂಕ

ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ “ಗುರುವಾರ ಫ್ಯಾನ್ಸಿ ಡ್ರೆಸ್, ಚಾರ್ಟ್ ಪೇಪರ್ ತರುವುದು” ಎಂಬ ಸಂದೇಶ ಓದಿದ ಕ್ಷಣದಲ್ಲೇ ಎದ್ದು ಗೋಡೆಯ ಕ್ಯಾಲೆಂಡರಿನ ಬಳಿ ಹೋಗಿ ಎರಡು ಕಡೆ ಬರೆಯಿರಿ: ಗುರುವಾರದ ಚೌಕದಲ್ಲಿ ಕಾರ್ಯಕ್ರಮ, ಸೋಮವಾರದ ಚೌಕದಲ್ಲಿ “ಚಾರ್ಟ್ ಪೇಪರ್ ತರುವುದು”. ಬರೆಯುವವರಲ್ಲೂ ಹೆಚ್ಚಿನವರು ಕಾರ್ಯಕ್ರಮದ ದಿನವನ್ನಷ್ಟೇ ಬರೆದು, ಬುಧವಾರ ರಾತ್ರಿ ಒಂಬತ್ತಕ್ಕೆ ತೆರೆದಿರುವ ಅಂಗಡಿ ಹುಡುಕುತ್ತಾರೆ. ಆಫೀಸಿನಲ್ಲಿ ಓದಿದರೆ ಸಂದೇಶವನ್ನು ಓದದ ಗುರುತಿಗೆ ಮರಳಿಸಿ, ಮನೆಯಲ್ಲಿ ಬರೆದ ಮೇಲಷ್ಟೇ ಬಿಡಿ.

ಕರೆಂಟ್ ಬಿಲ್ಲು ಮತ್ತು ವಿಮೆ ಕಂತು ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಮಾಡಿ. ವ್ಯಾನ್ ಶುಲ್ಕವನ್ನು ಸಂಬಳ ಬಂದ ದಿನವೇ ಕಟ್ಟಿಬಿಡಿ.

## ಹಂತ 8: ಸಂಜೆ, ಹೋಂವರ್ಕ್ ಮತ್ತು ಸಿಟ್ಟು

ಮನೆಗೆ ಬಂದ ಮೊದಲ ಅರ್ಧ ಗಂಟೆ ಹೋಂವರ್ಕ್ ವಿಷಯ ಎತ್ತಬೇಡಿ. ಮಗುವಿಗೂ ನಿಮಗೂ ತಿನ್ನಲು ಏನಾದರೂ ಇರಲಿ. ಹಸಿದ ಹೊಟ್ಟೆಯ ಇಬ್ಬರು ಒಂದು ಪುಸ್ತಕದ ಮುಂದೆ ಕುಳಿತರೆ ಜಗಳ ಖಂಡಿತ. ಅನಂತರ ಒಂದೇ ಮೇಜಿನಲ್ಲಿ ಮಗು ತನ್ನ ಪುಸ್ತಕದೊಂದಿಗೆ, ನೀವು ನಿಮ್ಮ ಬಟ್ಟೆ ಮಡಿಸುವ ಅಥವಾ ಬೀನ್ಸ್ ಬಿಡಿಸುವ ಕೆಲಸದೊಂದಿಗೆ ಕುಳಿತುಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಕೆಲಸ ಮಾಡುತ್ತಿದ್ದರೆ ಇಬ್ಬರ ಗಮನವೂ ನಿಲ್ಲುವುದು ಸುಲಭ. ಹದಿನೈದು ನಿಮಿಷ ಕೆಲಸ, ಐದು ನಿಮಿಷ ಓಡಾಟ.

ಸಿಟ್ಟು ಬಾಯಿಗೆ ಬರುವ ಮೊದಲು ಮೈಗೆ ಬಂದಿರುತ್ತದೆ: ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಟಿವಿಯ ಸದ್ದು ಸಹಿಸಲಾಗುವುದಿಲ್ಲ. ನಿಮ್ಮ ಗುರುತು ಯಾವುದೆಂದು ಸಮಾಧಾನದ ಹೊತ್ತಿನಲ್ಲಿ ಕಂಡುಕೊಂಡು, ಆಗ ಹೇಳಬೇಕಾದ ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ: “ಪುಟ್ಟಾ, ಅಮ್ಮನಿಗೆ ಈಗ ಸಿಟ್ಟು ಬಂದಿದೆ. ನೀರು ಕುಡಿದು ಬರ್ತೀನಿ, ನೀನು ಇಲ್ಲೇ ಇರು.” ಟಿವಿ ಆರಿಸಿ, ಟೈಮರನ್ನು ಮಗುವಿನ ಕೈಗೆ ಕೊಟ್ಟು ಹೋಗಿ, ಅದು ಕೂಗುವ ಮೊದಲು ಮರಳಿ ಬನ್ನಿ. ತೀರಾ ಚಿಕ್ಕ ಮಗುವಾದರೆ ಕಣ್ಣಳತೆಯಿಂದ ದೂರ ಹೋಗದೆ ಅಲ್ಲೇ ಬೆನ್ನು ತಿರುಗಿಸಿ ನಿಲ್ಲಿ.

ಕೂಗಿಬಿಟ್ಟರೆ ಅದೇ ದಿನ, ಮಲಗುವ ಮೊದಲು, ಚಿಕ್ಕದಾಗಿ ಕ್ಷಮೆ ಕೇಳಿ: “ಆಗ ನಾನು ಕೂಗಿದ್ದು ತಪ್ಪು. ನೀನು ಪೆನ್ಸಿಲ್ ಕಳೆದದ್ದು ಅಷ್ಟು ದೊಡ್ಡ ವಿಷಯ ಅಲ್ಲ.” ಅಳುತ್ತಾ ದೀರ್ಘವಾಗಿ ಕ್ಷಮೆ ಕೇಳುವುದು, ಮರುದಿನ ಆಟಿಕೆ ಕೊಡಿಸುವುದು, ನಿಯಮಗಳನ್ನೆಲ್ಲ ಸಡಿಲಿಸುವುದು ಬೇಡ, ಆಗ ನಿಮ್ಮನ್ನು ಸಮಾಧಾನಪಡಿಸುವ ಹೊರೆ ಮಗುವಿನ ಮೇಲೆ ಬೀಳುತ್ತದೆ.

## ಹಂತ 9: ಸಂಗಾತಿಯೊಂದಿಗೆ ಕೆಲಸದ ಹಂಚಿಕೆ

ಕೆಲಸಗಳನ್ನು ಅರ್ಧರ್ಧ ಹಂಚಬೇಡಿ, ಇಡಿಯಾಗಿ ಹಂಚಿ. “ನೆನಪಿಸಿದರೆ ಮಾಡುತ್ತೇನೆ” ಎಂಬ ಒಪ್ಪಂದದಲ್ಲಿ ನೆನಪಿಡುವ ಭಾರ ಒಬ್ಬರಲ್ಲೇ ಉಳಿದು, ಆರು ತಿಂಗಳಲ್ಲಿ ಗಂಡ ಹೆಂಡತಿಯ ಸಂಬಂಧ ಮೇಷ್ಟ್ರು ಮತ್ತು ವಿದ್ಯಾರ್ಥಿಯ ಸಂಬಂಧವಾಗುತ್ತದೆ. ಲಸಿಕೆಯ ದಿನ, ಶುಲ್ಕ, ಔಷಧ ತರುವುದು ಸಂಗಾತಿಯದಾದರೆ ಮೊದಲಿಂದ ಕೊನೆಯವರೆಗೆ ಅವರದೇ ಆಗಲಿ. ಆಟ, ಕಥೆ, ಈಜಿಗೆ ಕರೆದೊಯ್ಯುವುದು ನಿಮಗೆ ಚೆನ್ನಾಗಿ ಒಗ್ಗುವುದಾದರೆ ಅದು ಪೂರ್ತಿ ನಿಮ್ಮದಾಗಲಿ. ಭಾನುವಾರ ಸಂಜೆ ಕಾಫಿ ಕುಡಿಯುತ್ತಾ ಕ್ಯಾಲೆಂಡರಿನ ಮುಂದೆ ಹದಿನೈದು ನಿಮಿಷ ನಿಂತು ಬರುವ ವಾರವನ್ನು ಒಟ್ಟಿಗೆ ಓದಿ.

“ಸೋಮಾರಿತನಕ್ಕೆ ಒಂದು ಇಂಗ್ಲಿಷ್ ಹೆಸರು” ಎನ್ನುವ ಹಿರಿಯರೊಡನೆ ವಾದ ಮಾಡುವುದರಲ್ಲಿ ಶಕ್ತಿ ಕಳೆಯಬೇಡಿ. ಅವರು ಮಾಡಬಲ್ಲ ಒಂದು ಕೆಲಸವನ್ನು, ಉದಾಹರಣೆಗೆ ಸಂಜೆ ಏಳಕ್ಕೆ ಮಗುವಿಗೆ ಊಟ ಬಡಿಸುವುದನ್ನು, ನೇರವಾಗಿ ಕೇಳಿ.

## ಹಂತ 10: ತಪ್ಪಿಹೋದಾಗ ಮತ್ತೆ ಹಿಡಿಯುವುದು

ಹಬ್ಬ, ಪರೀಕ್ಷೆ, ಪ್ರವಾಸ, ಕಾಯಿಲೆಯ ನಂತರ ದಿನಚರಿ ತಪ್ಪುವುದು ನಿಶ್ಚಿತವಾದ್ದರಿಂದ ಮರಳುವ ದಾರಿಯನ್ನೂ ಈಗಲೇ ಬರೆದಿಡಿ. ಮೊದಲ ದಿನ ಏಳುವ ಹೊತ್ತು, ಎರಡನೆಯ ದಿನ ಬಾಗಿಲ ಗೋಡೆ, ಮೂರನೆಯ ದಿನ ರಾತ್ರಿಯ ಇಪ್ಪತ್ತು ನಿಮಿಷ. ಹೊಸ ವಿಧಾನ ಹುಡುಕಬೇಡಿ. ಹಳೆಯದನ್ನೇ ಮತ್ತೆ ಹಿಡಿಯಿರಿ. ಒಂದು ಹಂತ ಪದೇ ಪದೇ ಕುಸಿಯುತ್ತಿದ್ದರೆ ಅದರಲ್ಲಿ ಕೆಲಸಗಳು ಹೆಚ್ಚಾಗಿವೆ ಎಂದು ಅರ್ಥ, ಅರ್ಧಕ್ಕೆ ಇಳಿಸಿ.

## ಮಗುವಿನಲ್ಲೂ ಇದೇ ಕಂಡರೆ

ಅವಳಿ ಮಕ್ಕಳ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲನ್ನು ಶೇ 70ರಿಂದ 80ರಷ್ಟೆಂದು ಅಂದಾಜಿಸುತ್ತವೆ. ನಿಮ್ಮ ಮಗುವಿಗೆ ಬರುವ ಸಾಧ್ಯತೆ ಶೇ 70 ಎಂಬುದು ಇದರ ಅರ್ಥವಲ್ಲ; ಆದರೆ ಬೇರೆ ಮಕ್ಕಳಿಗಿಂತ ಸಾಧ್ಯತೆ ಹೆಚ್ಚು. ಶಾಲೆಯಲ್ಲೂ ಮನೆಯಲ್ಲೂ ಒಂದೇ ಬಗೆಯ ದೂರು ಆರು ತಿಂಗಳು ಮುಂದುವರಿದರೆ ಮಗುವಿನ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ನಿಮ್ಮ ಚಿಕಿತ್ಸೆ ನಡೆಯುತ್ತಿರಲಿ, ಏಕೆಂದರೆ ಮಗುವಿಗಾಗಿ ಹೇಳಿಕೊಡುವ ಕ್ರಮಗಳನ್ನು ಮನೆಯಲ್ಲಿ ದಿನವೂ ನಡೆಸಬೇಕಾದವರು ನೀವೇ.

## ತಡಮಾಡದೆ ಸಹಾಯ ಕೇಳಬೇಕಾದ ಗುರುತುಗಳು

ಸಿಟ್ಟಿನಲ್ಲಿ ಮಗುವಿನ ಮೇಲೆ ಕೈ ಎತ್ತುವುದು ಮರುಕಳಿಸುತ್ತಿದ್ದರೆ, ಸಂಜೆಯಾಗುತ್ತಲೇ ಮದ್ಯದ ಮೊರೆ ಹೋಗುವಂತಾಗಿದ್ದರೆ, ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ನಿದ್ದೆಯೇ ಬೇಡವೆನಿಸುವಷ್ಟು ಹುರುಪು ಹಲವು ದಿನ ಮುಂದುವರಿದರೆ, ಔಷಧ ಶುರುವಾದ ಮೇಲೆ ಎದೆನೋವು ಅಥವಾ ಎದೆಬಡಿತ ಹೆಚ್ಚಿದರೆ, ಮುಂದಿನ ಭೇಟಿಯ ದಿನದವರೆಗೆ ಕಾಯದೆ ವೈದ್ಯರನ್ನು ಕಾಣಿ. ನಾನಿಲ್ಲದಿದ್ದರೆ ಮಕ್ಕಳಿಗೆ ಒಳ್ಳೆಯದು ಎಂಬ ಯೋಚನೆ ಒಮ್ಮೆ ಬಂದರೂ ಅದನ್ನು ಮನೆಯ ಒಬ್ಬರಿಗೆ ಅಂದೇ ಹೇಳಿ, 14416ಕ್ಕೆ ಕರೆ ಮಾಡಿ. ಟೆಲಿ-ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳುವುದರ ಜೊತೆಗೆ, ಗೋಡೆಯ ಕ್ಯಾಲೆಂಡರಿನ ಮೇಲ್ಭಾಗದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಿ.